ಬೇಸಿಗೆ ರಜೆಯ ವಿ.ಬಿ.ಎಸ್.ಗೆ ಮಕ್ಕಳನ್ನು ಕಳಿಸಬೇಕಾ? ಒಬ್ಬ ಅಪ್ಪನ ಅಭಿಪ್ರಾಯ

ಕಳಿಸಿ. ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ. ಈ ಸಲ ಏಪ್ರಿಲ್‌ನಲ್ಲಿ ಮಂಗಳೂರು ನಗರದ ಒಂದು ಹಳೇ ಸಭೆಯ, ಅಂದರೆ ಚರ್ಚಿನ, ವಿ.ಬಿ.ಎಸ್.ಗೆ ನನ್ನ ಇಬ್ಬರು ಮಕ್ಕಳೂ ಹೋಗಿ ಬಂದರು. ಮಗಳಿಗೆ ಹನ್ನೊಂದು ವರ್ಷ, ಮಗನಿಗೆ ಏಳು. ಬಹಳಷ್ಟು ಇಷ್ಟವಾಯಿತು. ಒಂದೆರಡು ವಿಷಯ ಮನಸ್ಸಿಗೆ ನೋವೂ ಮಾಡಿತು. ಹಾಗಾಗಿ ಸಭೆಯ ಹೆಸರು ಹಾಕುತ್ತಿಲ್ಲ. ಯಾವ ಸಭೆಯ ವಿ.ಬಿ.ಎಸ್. ಆದರೂ ಸರಿ, ಮಕ್ಕಳನ್ನು ಕಳಿಸುವ ಮುಂಚೆ ಏನು ನೋಡಬೇಕು, ಏನು ಕೇಳಬೇಕು ಅಂತ ಬೇರೆ ಅಪ್ಪ ಅಮ್ಮಂದಿರಿಗೆ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ವಿ.ಬಿ.ಎಸ್. ಅಂದರೆ ವೆಕೇಶನ್ ಬೈಬಲ್ ಸ್ಕೂಲ್, ಶಾಲೆಗೆ ರಜೆ ಇರುವಾಗ ಚರ್ಚುಗಳು ನಡೆಸುವ ಬೈಬಲ್ ಶಾಲೆ. ಹಾಡು, ಕಥೆ, ಬಾಯಿಪಾಠ, ಕೈಕೆಲಸ, ಆಟ ಎಲ್ಲ ಇರುತ್ತದೆ. ಇದರ ಶುರು ನಮ್ಮ ಊರಿನದ್ದಲ್ಲ. 1898ರಲ್ಲಿ ನ್ಯೂಯಾರ್ಕ್‌ನಲ್ಲಿ ಎಲೈಜಾ ಹಾಸ್ ಎಂಬ ಹೆಂಗಸು, ಬೇಸಿಗೆಯಲ್ಲಿ ಬೀದಿ ಸುತ್ತುತ್ತಿದ್ದ ಬಡವರ ಮಕ್ಕಳನ್ನು ಸೇರಿಸಲು ಒಂದು ಬಿಯರ್ ಅಂಗಡಿಯ ಹಾಲನ್ನೇ ಬಾಡಿಗೆಗೆ ಹಿಡಿದಿದ್ದರು. ನನಗೆ ಈ ವಿಷಯ ತುಂಬಾ ಇಷ್ಟ. ಅಲ್ಲಿ ಮೊದಲು ಬಂದದ್ದು ಮಕ್ಕಳ ಅಗತ್ಯ, ಪಾಠದ ಪಟ್ಟಿ ಆಮೇಲೆ.

ನಮ್ಮ ಮನೆಯ ಅಗತ್ಯ ಬೇರೆ ಥರದ್ದು. ನನಗೆ ಪಣಂಬೂರಿನಲ್ಲಿ ಶಿಫ್ಟ್ ಕೆಲಸ. ಹೆಂಡತಿ ನರ್ಸ್, ಅವಳಿಗೂ ಶಿಫ್ಟ್. ನಾನು ಮಲಗುವಾಗ ಮಕ್ಕಳು ಏಳುತ್ತಾರೆ, ಅವಳು ಬರುವಾಗ ನಾನು ಹೊರಡುತ್ತೇನೆ. ರಾತ್ರಿ ನಾಲ್ಕು ಜನವೂ ಒಟ್ಟಿಗೆ ಕೂತು ಪ್ರಾರ್ಥನೆ ಮಾಡುವುದು ವಾರದಲ್ಲಿ ಒಂದೆರಡು ಸಲ ಆದರೆ ಅದೇ ಹಬ್ಬ. ಉಳಿದ ದಿನ ಅಜ್ಜಿ ಇದ್ದಾರೆ. ಅಜ್ಜಿ ಮಕ್ಕಳ ಹತ್ತಿರ ಮಾತಾಡುವುದು ತುಳುವಿನಲ್ಲಿ, ಪ್ರಾರ್ಥನೆ ಮಾಡುವುದು ಕನ್ನಡದಲ್ಲಿ. ಮಕ್ಕಳು ಓದುವುದು ಇಂಗ್ಲಿಷ್ ಮೀಡಿಯಂನಲ್ಲಿ. ಮಗನಿಗೆ ಸತ್ಯವೇದ (ಕನ್ನಡ ಬೈಬಲ್) ತೆಗೆದು ಒಂದು ವಾಕ್ಯ ಓದು ಅಂದರೆ ಒತ್ತಕ್ಷರ ಬಂದಲ್ಲೆಲ್ಲ ನಿಂತುಬಿಡುತ್ತಾನೆ. ಅರ್ಥ ಆಗುವುದು ಇನ್ನೂ ಕಷ್ಟ. ದೊಡ್ಡವರಾದ ನಮಗೇ ಆ ಹಳೇ ಭಾಷೆ ಕೆಲವು ಕಡೆ ಬಿಗಿ, ಅಲ್ವಾ? ಭಾನುವಾರದ ಸಂಡೇ ಸ್ಕೂಲ್ ಒಂದು ಗಂಟೆ. ಈಗೀಗ ಆ ಒಂದು ಗಂಟೆಗೂ ಟ್ಯೂಷನ್, ಕ್ರಿಕೆಟ್ ಕೋಚಿಂಗ್ ಬಂದು ಅಡ್ಡ ನಿಲ್ಲುತ್ತವೆ. ಹಾಗಾಗಿ ದಿನಾ ಬೆಳಿಗ್ಗೆ ಮೂರ್ನಾಲ್ಕು ಗಂಟೆ ಯಾರಾದರೂ ಮಕ್ಕಳ ಜೊತೆ ಕೂತು ಈ ಕಥೆಗಳನ್ನು ನಿಧಾನವಾಗಿ ಹೇಳಿಕೊಡುತ್ತಾರೆ ಅಂದರೆ, ನಮ್ಮಂಥ ಮನೆಗೆ ಅದು ಸಣ್ಣ ವಿಷಯ ಅಲ್ಲ.

ಫೀಸು ಇನ್ನೂರು ರೂಪಾಯಿ. ಎರಡನೇ ಮಗುವಿಗೆ ಅರ್ಧ. ಕೊಡಲು ಆಗದವರ ಹತ್ತಿರ ಯಾರೂ ಕೇಳಲಿಲ್ಲ. ಅದನ್ನು ಎಲ್ಲರ ಎದುರು ಹೇಳಿ ತೋರಿಸಲೂ ಇಲ್ಲ. ಇದಕ್ಕೆ ನಾನು ಕೈ ಮುಗಿಯುತ್ತೇನೆ. ಆ ದುಡ್ಡಿನಲ್ಲಿ ಒಂದು ಟೊಪ್ಪಿ, ಒಂದು ವರ್ಕ್‌ಬುಕ್, ದಿನಾ ತಿಂಡಿ. ವರ್ಕ್‌ಬುಕ್ ಕನ್ನಡದಲ್ಲಿ ಬೇಕಾ, ಇಂಗ್ಲಿಷ್‌ನಲ್ಲಿ ಬೇಕಾ ಅಂತ ಫಾರಂನಲ್ಲೇ ಕೇಳಿದ್ದರು. ಮಗಳು ಇಂಗ್ಲಿಷ್ ಅಂದಳು. ಅಜ್ಜಿ ಕನ್ನಡ ಅಂದರು. ಅಜ್ಜಿ ಗೆದ್ದರು.

ಜಾಗ ಚೆನ್ನಾಗಿದೆ. ದೊಡ್ಡ ಕಂಪೌಂಡು, ಎರಡು ಮಾವಿನ ಮರ, ಒಂದು ಹಲಸು. ತರಗತಿ ನಡೆಯುವುದು ಹಂಚಿನ ಮಾಡಿನ ಹಳೇ ಹಾಲ್‌ನಲ್ಲಿ. ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಮಿಶನರಿಗಳಾದ ಬಾಸೆಲ್ ಮಿಶನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು ಇಲ್ಲಿ ಎಲ್ಲರಿಗೂ ಗೊತ್ತು. ನನ್ನ ಅಜ್ಜನೂ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಮಕ್ಕಳಿಗೆ ಅದನ್ನು ಹೇಳಿದ ಮೇಲೆ ಮಗ ಪಾಠ ಬಿಟ್ಟು ಮಾಡಿನ ಕಡೆಗೇ ನೋಡುತ್ತಿದ್ದನಂತೆ. ಏಪ್ರಿಲ್ ಸೆಕೆಯಲ್ಲಿ ಹಂಚಿನ ಮಾಡು ಶೀಟಿಗಿಂತ ಎಷ್ಟೋ ವಾಸಿ. ಆದರೂ ಹನ್ನೊಂದು ಗಂಟೆ ಕಳೆದ ಮೇಲೆ ಕೂರಲು ಆಗುವುದಿಲ್ಲ. ಸಣ್ಣ ಮಕ್ಕಳನ್ನು ಮರದ ಕೆಳಗೆ ಕರೆದುಕೊಂಡು ಹೋಗುತ್ತಿದ್ದರು. ಕುಡಿಯುವ ನೀರಿಗೆ ಒಂದೇ ಡ್ರಮ್ಮು. ಅಷ್ಟು ಮಕ್ಕಳಿಗೆ ಅದು ಸಾಲದು, ಬಾಟಲಿ ಕೊಟ್ಟೇ ಕಳಿಸಿ. ತಿಂಡಿಗೆ ಒಂದು ದಿನ ಬೆಲ್ಲ ಕಾಯಿ ಹಾಕಿದ ಅವಲಕ್ಕಿ, ಒಂದು ದಿನ ಗೋಳಿಬಜೆ, ಒಂದು ದಿನ ಬನ್ನು. ಜೊತೆಗೆ ಪುನರ್ಪುಳಿ ಶರಬತ್ತು. ಸಭೆಯ ಹೆಂಗಸರೇ ಸರದಿ ಹಾಕಿಕೊಂಡು ಮಾಡುತ್ತಿದ್ದರು. ಅವರ ಗೋಳಿಬಜೆಯ ಬಗ್ಗೆ ನನ್ನ ಮಗ ಇವತ್ತಿಗೂ ಮಾತಾಡುತ್ತಾನೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪಾಠ ಹೇಗಿತ್ತು?

ಮಗಳ ಗುಂಪಿಗೆ ಪಾಠ ಮಾಡಿದ್ದು ಬಲ್ಮಠದ ಥಿಯಾಲಜಿಕಲ್ ಕಾಲೇಜಿನಲ್ಲಿ ಓದುವ ಒಬ್ಬ ಹುಡುಗ. ರಾತ್ರಿ ಪಾಳಿ ಮುಗಿಸಿ ಸೀದಾ ಅಲ್ಲಿಗೇ ಹೋದ ಒಂದು ದಿನ, ಜಗುಲಿಯಲ್ಲಿ ಕೂತು ಪೂರ್ತಿ ಕೇಳಿದೆ. ಅವತ್ತಿನ ಕಥೆ ಲೂಕನ ಸುವಾರ್ತೆಯದ್ದು. ಹನ್ನೆರಡು ವರ್ಷದ ಯೇಸು ಪಸ್ಕ ಹಬ್ಬಕ್ಕೆ ಅಪ್ಪ ಅಮ್ಮನ ಜೊತೆ ಯೆರೂಸಲೇಮಿಗೆ ಹೋಗುತ್ತಾನೆ. ಎಲ್ಲರೂ ವಾಪಸು ಹೊರಟಾಗ ಅವನು ಹೇಳದೇ ಅಲ್ಲೇ ಉಳಿದುಬಿಡುತ್ತಾನೆ. ಮರಿಯಳೂ ಯೋಸೇಫನೂ ಒಂದು ದಿನದ ದಾರಿ ನಡೆದ ಮೇಲೆ ಮಗ ಇಲ್ಲ ಅಂತ ಗೊತ್ತಾಗುತ್ತದೆ. ಹಿಂದೆ ಬಂದು ಹುಡುಕುತ್ತಾರೆ. ಮೂರು ದಿನದ ಮೇಲೆ ದೇವಾಲಯದಲ್ಲಿ ಬೋಧಕರ ನಡುವೆ ಕೂತು ಪ್ರಶ್ನೆ ಕೇಳುತ್ತಿರುವ ಮಗ ಸಿಗುತ್ತಾನೆ. ನಾವೆಲ್ಲ ಚಿಕ್ಕವರಿದ್ದಾಗ ಈ ಕಥೆ ಕೇಳಿದ್ದೇವೆ. ಆಗ ಟೀಚರ್ ಹೇಳುತ್ತಿದ್ದದ್ದು ಒಂದೇ: ನೋಡಿ, ಯೇಸು ಎಷ್ಟು ಬುದ್ಧಿವಂತ, ನೀವೂ ಹಾಗಿರಿ.

ಈ ಹುಡುಗ ಹಾಗೆ ಮಾಡಲಿಲ್ಲ. ಬೋರ್ಡಿನ ಮಧ್ಯೆ ಒಂದು ಗೆರೆ ಎಳೆದ. ಒಂದು ಕಡೆ ಮಗ, ಇನ್ನೊಂದು ಕಡೆ ಅಪ್ಪ ಅಮ್ಮ ಅಂತ ಬರೆದ. ಯಾರಿಗೆ ಹೇಗೆ ಅನ್ನಿಸಿರಬಹುದು, ಹೇಳಿ ಅಂದ. ಮಕ್ಕಳು ಶುರು ಮಾಡಿದರು ನೋಡಿ! ‘ಹೇಳದೇ ಉಳಿದದ್ದು ಸರಿಯಲ್ಲ ಸರ್, ನಮ್ಮ ಮನೆಯಲ್ಲಾದರೆ ಬೆನ್ನಿಗೆ ಬೀಳುತ್ತಿತ್ತು’ ಅಂತ ಒಬ್ಬ. ‘ಇಡೀ ದಿನ ಮಗ ಎಲ್ಲಿ ಅಂತ ನೋಡದೇ ಇದ್ದದ್ದು ಅವರದ್ದೂ ತಪ್ಪಲ್ವಾ?’ ಅಂತ ಇನ್ನೊಬ್ಬಳು. ನನ್ನ ಮಗಳು ಎದ್ದು, ‘ಅವನಿಗೆ ಬೇಕಾದದ್ದು ಅಲ್ಲಿ ಸಿಕ್ಕಿತು, ಅದಕ್ಕೆ ಟೈಮ್ ನೆನಪಾಗಲಿಲ್ಲ’ ಅಂದಳು. ಟೀಚರ್ ಯಾರನ್ನೂ ತಪ್ಪು ಅನ್ನಲಿಲ್ಲ. ಎಲ್ಲ ಬರೆದುಕೊಂಡ. ಕೊನೆಗೆ ಸತ್ಯವೇದ ತೆಗೆದು, ಮಗ ಹೇಳಿದ್ದು ಅಪ್ಪ ಅಮ್ಮನಿಗೆ ಅರ್ಥ ಆಗಲಿಲ್ಲ ಅಂತ ಅಲ್ಲೇ ಬರೆದಿರುವ ವಾಕ್ಯ ಓದಿಸಿದ. ಆಮೇಲೆ ಮಗ ಅವರ ಜೊತೆ ಊರಿಗೆ ಹೋಗಿ ಅವರ ಮಾತು ಕೇಳಿಕೊಂಡು ಇದ್ದ, ಅಮ್ಮ ಇದನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡಳು ಅನ್ನುವುದನ್ನೂ ಓದಿಸಿದ.

ನಾನು ಜಗುಲಿಯಲ್ಲಿ ಕೂತು ಆ ವಾಕ್ಯವನ್ನೇ ಯೋಚಿಸುತ್ತಿದ್ದೆ. ಮರಿಯಳಿಗೇ ಮಗ ಅರ್ಥ ಆಗಲಿಲ್ಲ! ದೇವದೂತ ಬಂದು ಮುಂಚೆಯೇ ಹೇಳಿದ್ದರೂ ಆಗಲಿಲ್ಲ. ಆದರೂ ಅವಳು ಬಿಟ್ಟು ಹೋಗಲಿಲ್ಲ, ಮಗನ ಬಾಯಿ ಮುಚ್ಚಿಸಲೂ ಇಲ್ಲ. ಮಕ್ಕಳನ್ನು ನಂಬಿಕೆಯಲ್ಲಿ ಬೆಳೆಸುವುದು ಅಂದರೆ ಅವರ ಎಲ್ಲ ಪ್ರಶ್ನೆಗೂ ಉತ್ತರ ಗೊತ್ತಿರಬೇಕು ಅಂತ ನಮಗೆ ಯಾರು ಹೇಳಿದ್ದು?

ಪಾಠದ ಕೊನೆಗೆ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟರು. ಮನೆಯಲ್ಲಿ ಹೇಳಲು ಆಗದ ಒಂದು ವಿಷಯ ಬರೆಯಿರಿ, ಯಾರಿಗೂ ತೋರಿಸಬೇಕಿಲ್ಲ, ಬೇಕು ಅನ್ನಿಸಿದರೆ ಮನೆಯಲ್ಲಿ ಕೊಡಿ ಅಂದರು. ಮಗಳು ಅವತ್ತು ಕೊಡಲಿಲ್ಲ. ಒಂದು ರಾತ್ರಿ ನಾನು ಡ್ಯೂಟಿಗೆ ಹೊರಡುವಾಗ ಹೆಲ್ಮೆಟ್ ಒಳಗೆ ಮಡಚಿ ಇಟ್ಟಿದ್ದಳು. ‘ಪಪ್ಪ, ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವಾಗ ಕೆಲವು ಸಲ ಅಲ್ಲಿ ಯಾರೂ ಇಲ್ಲ ಅನ್ನಿಸುತ್ತದೆ. ನಿಮಗೂ ಹಾಗೆ ಆಗುತ್ತದಾ?’ ಅಂತ ಬರೆದಿತ್ತು. ಕೊನೆಯಲ್ಲಿ, ಅಜ್ಜಿಗೆ ಹೇಳಬೇಡಿ ಅಂತ ಅಡಿಗೆರೆ ಹಾಕಿದ್ದಳು.

ಮರುದಿನ ಬೆಳಿಗ್ಗೆ ಇಬ್ಬರೂ ಹಿತ್ತಲಿನ ಕಟ್ಟೆಯಲ್ಲಿ ಕೂತೆವು. ಹೌದು, ನನಗೂ ಆಗುತ್ತದೆ ಅಂದೆ. ಅವಳ ಅಜ್ಜ ಐಸಿಯುನಲ್ಲಿ ಇದ್ದಾಗ ಎಷ್ಟೋ ರಾತ್ರಿ ಹಾಗೆ ಆಗಿತ್ತು. ‘ಆವಾಗ ಏನು ಮಾಡಿದ್ರಿ?’ ಅಂತ ಕೇಳಿದಳು. ಸ್ವಂತ ಮಾತು ಬರದೇ ಇದ್ದಾಗ ಬಾಯಿಪಾಠ ಇದ್ದ ಬೈಬಲ್‌ನ ಇಪ್ಪತ್ಮೂರನೇ ಕೀರ್ತನೆ ಹೇಳುತ್ತಿದ್ದೆ, ಅಷ್ಟೇ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ನೆ ಕೂತು, ‘ಹಾಗಾದರೆ ಬಾಯಿಪಾಠ ಅದಕ್ಕಾ?’ ಅಂದಳು. ಈ ಒಂದು ಮಾತುಕತೆಗಾಗಿಯೇ ನಾನು ಆ ವಿ.ಬಿ.ಎಸ್.ಗೆ ಜೀವನಪೂರ್ತಿ ಋಣಿ.

ಮಗನ ಗುಂಪಿನಲ್ಲಿ ಬೇರೆಯೇ ಆಯಿತು. ಸಣ್ಣ ಮಕ್ಕಳ ಟೀಚರ್ ತುಂಬಾ ಪ್ರೀತಿಯ ಹುಡುಗಿ. ಅರ್ಥ ಆಗದ್ದನ್ನು ತುಳುವಿನಲ್ಲಿ ಹೇಳುತ್ತಿದ್ದಳು, ದಾವೀದ ಗೊಲ್ಯಾತರ ಕಥೆಗೆ ಕವಣೆ ಬೀಸಿ ತೋರಿಸಿದ್ದಳು. ಆದರೆ ಒಂದು ದಿನ ಚಾರ್ಟ್ ಪೇಪರಿನಲ್ಲಿ ಎರಡು ದಾರಿ ಬರೆದು, ಒಂದರ ಕೊನೆಗೆ ಕೆಂಪು ಬಣ್ಣದಲ್ಲಿ ಬೆಂಕಿ ಬರೆದು, ಯೇಸುವನ್ನು ನಂಬದವರೆಲ್ಲ ಇಲ್ಲಿಗೆ ಹೋಗುತ್ತಾರೆ ಅಂತ ಹೇಳಿದಳು. ಮಗ ಮನೆಗೆ ಬಂದು ಊಟ ಮಾಡಲಿಲ್ಲ. ಪಕ್ಕದ ಮನೆಯ ಹುಡುಗ ಅವನ ಜೀವದ ಗೆಳೆಯ. ಅಷ್ಟಮಿಗೆ ಅವರ ಮನೆಯಿಂದ ಉಂಡೆ ಚಕ್ಕುಲಿ ಬರುತ್ತದೆ, ಕ್ರಿಸ್ಮಸ್‌ಗೆ ನಮ್ಮ ಮನೆಯಿಂದ ಕೇಕು ಹೋಗುತ್ತದೆ. ಒಂದೇ ಆಟೋದಲ್ಲಿ ಶಾಲೆಗೆ ಹೋಗುವವರು. ರಾತ್ರಿ ಮಗ ಎದ್ದು ಅಮ್ಮನ ಹತ್ತಿರ ಹೋಗಿ ಕೇಳಿದ್ದು, ‘ಅವನೂ ಬೆಂಕಿಗೆ ಹೋಗ್ತಾನಾ?’

ಏಳು ವರ್ಷದ ಮಗುವಿಗೆ ಈ ಭಾರ ಹೊರಿಸಬಾರದು. ನನ್ನ ನಂಬಿಕೆಯ ಬಗ್ಗೆ ನನಗೆ ಯಾವ ಸಂಕೋಚವೂ ಇಲ್ಲ. ಮಕ್ಕಳು ಯೇಸುವನ್ನು ಪ್ರೀತಿಸಬೇಕು, ಅವನ ದಾರಿಯಲ್ಲಿ ನಡೆಯಬೇಕು ಅನ್ನುವುದು ನಮ್ಮಿಬ್ಬರ ದಿನನಿತ್ಯದ ಪ್ರಾರ್ಥನೆ. ಆದರೆ ಹೆದರಿಸಿ ಕೂಡಿಸಿದ ಭಕ್ತಿ ಮೀಸೆ ಬರುವವರೆಗೂ ನಿಲ್ಲುವುದಿಲ್ಲ. ಇನ್ನೊಂದು ವಿಷಯ. ಈ ಊರಿನಲ್ಲಿ ನಮ್ಮ ಮಕ್ಕಳು ನಾಳೆಯೂ ಅದೇ ಆಟೋದಲ್ಲಿ, ಅದೇ ಬೆಂಚಿನಲ್ಲಿ ಕೂರಬೇಕು. ಗೆಳೆಯನ ಮುಖ ನೋಡಿದಾಗ ಮಗುವಿಗೆ ಬೆಂಕಿ ನೆನಪಾದರೆ ಅದು ಯಾವ ಸುವಾರ್ತೆ?

ಹೆಂಡತಿ ಮಗನಿಗೆ ಹೇಳಿದ್ದು ಇಷ್ಟು: ನೀನು ಅವನನ್ನು ಎಷ್ಟು ಪ್ರೀತಿ ಮಾಡುತ್ತೀಯೋ, ದೇವರು ಅದಕ್ಕಿಂತ ಜಾಸ್ತಿ ಮಾಡುತ್ತಾನೆ. ಅವನು ದೇವರ ಕೈಯಲ್ಲಿದ್ದಾನೆ, ನೀನು ಮಲಗು. ಮಗ ಬಿಡಲಿಲ್ಲ. ‘ಹಾಗಾದರೆ ಟೀಚರ್‌ಗೆ ಗೊತ್ತಿಲ್ವಾ?’ ಮಕ್ಕಳು ಹೀಗೆ ಹಿಡಿದರೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಟೀಚರ್‌ಗೂ ದೇವರ ಬಗ್ಗೆ ಎಲ್ಲ ಗೊತ್ತಿಲ್ಲ, ಅಮ್ಮನಿಗೂ ಎಲ್ಲ ಗೊತ್ತಿಲ್ಲ ಅಂತ ಅವಳು ಹೇಳಿದ ಮೇಲೆ ಮಲಗಿದ.

ಮರುದಿನ ನಾನು ಹೋಗಿ ಸೂಪರಿಂಟೆಂಡೆಂಟ್ ಹತ್ತಿರ ಮಾತಾಡಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಆ ಟೀಚರ್ ತಾನೇ ಬಂದು ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗೆಳೆಯನ ಹೆಸರು ಕೇಳಿ, ಅವನಿಗಾಗಿ ಪ್ರಾರ್ಥನೆ ಮಾಡಿದಳು. ಅದು ನನಗೆ ದೊಡ್ಡದು. ಆದರೆ ಚಾರ್ಟ್ ಮಾತ್ರ ಕೊನೆಯ ದಿನದವರೆಗೂ ಗೋಡೆಯಲ್ಲೇ ಇತ್ತು. ಪಾಠದ ಪುಸ್ತಕದಲ್ಲಿ ಹಾಗೇ ಇದೆ, ಮುಂದಿನ ವರ್ಷದ ಟೀಚರ್ ಟ್ರೈನಿಂಗ್‌ನಲ್ಲಿ ವಿಷಯ ಎತ್ತುತ್ತೇವೆ ಅಂದರು. ಎತ್ತುತ್ತಾರಾ ಅಂತ ನಾನು ಕೇಳುತ್ತಲೇ ಇರುತ್ತೇನೆ.

ಬಾಯಿಪಾಠದ ಪ್ರೈಜುಗಳ ಬಗ್ಗೆ ಒಂದು ತಕರಾರು ಇದೆ. ಜಾಸ್ತಿ ವಾಕ್ಯ ಹೇಳಿದವರಿಗೆ ನಕ್ಷತ್ರ, ಕೊನೆಗೆ ಟ್ರೋಫಿ. ಓದಲು ಕಷ್ಟಪಡುವ ಮಕ್ಕಳು ಎರಡನೇ ದಿನಕ್ಕೇ ಕೈ ಚೆಲ್ಲಿಬಿಟ್ಟರು. ನನ್ನ ಮಗ ವಾಕ್ಯವನ್ನು ಅಜ್ಜಿಯ ಬಾಯಿಂದ ಕೇಳಿ ಕೇಳಿ ಕಲಿಯುತ್ತಾನೆ, ಪುಸ್ತಕ ನೋಡಿ ಅಲ್ಲ. ಅಂಥವರಿಗೂ ಒಂದು ದಾರಿ ಇಡಬಹುದಿತ್ತು. ಕಾಣಿಕೆಗೂ ಸ್ಪರ್ಧೆ ಇಟ್ಟಿದ್ದರು, ಯಾವ ಗುಂಪು ಜಾಸ್ತಿ ತಂದಿತು ಅಂತ. ಆ ದುಡ್ಡು ಒಂದು ಮಕ್ಕಳ ಹಾಸ್ಟೆಲ್‌ಗೆ ಹೋಗುತ್ತದೆ, ಕಾರಣ ಒಳ್ಳೆಯದೇ. ಆದರೆ ಎರಡೇ ಕಾಸು ಹಾಕಿದ ಬಡ ವಿಧವೆಯನ್ನು ಯೇಸು ಎಲ್ಲರಿಗಿಂತ ಜಾಸ್ತಿ ಕೊಟ್ಟವಳು ಅಂದ ಕಥೆ ಹೇಳಿದ ಹಾಲ್‌ನಲ್ಲೇ ಯಾರು ಜಾಸ್ತಿ ಕೊಟ್ಟರು ಅಂತ ಬೋರ್ಡಿನಲ್ಲಿ ಬರೆಯಬಾರದು.

ಅಪ್ಪ ಅಮ್ಮಂದಿರಿಗಾಗಿ ಒಂದು ಸಂಜೆ ಕೂಟ ಇತ್ತು. ದಯವಿಟ್ಟು ಅದನ್ನು ತಪ್ಪಿಸಿಕೊಳ್ಳಬೇಡಿ, ಅದರಲ್ಲೂ ಅಪ್ಪಂದಿರು. ಬಂದವರಲ್ಲಿ ಹೆಚ್ಚಿನವರು ಅಮ್ಮಂದಿರೇ. ಸಭಾಪಾಲಕರು ಬೈಬಲ್‌ನಲ್ಲಿರುವ ಪೌಲನ ಪತ್ರಗಳಿಂದ ಮಾತಾಡಿದರು. ತಂದೆಗಳೇ, ಮಕ್ಕಳಿಗೆ ಸಿಟ್ಟು ಬರುವಂತೆ ಮಾಡಬೇಡಿ ಅನ್ನುವ ಮಾತು ಎಫೆಸದವರಿಗೆ ಬರೆದ ಪತ್ರದಲ್ಲೂ ಕೊಲೊಸ್ಸೆಯವರಿಗೆ ಬರೆದದ್ದರಲ್ಲೂ ಬರುತ್ತದೆ. ಅವರು ಮನಗುಂದಿಯಾರು ಅನ್ನುವುದು ಕೊಲೊಸ್ಸೆಯವರಿಗೆ ಬರೆದದ್ದರಲ್ಲಿ ಮಾತ್ರ. ಆಗಿನ ಕಾಲದಲ್ಲಿ ಮನೆಯ ಯಜಮಾನನಿಗೆ ಮಕ್ಕಳ ಮೇಲೆ ಎಷ್ಟು ಅಧಿಕಾರ ಇತ್ತು, ಅಂಥವರಿಗೇ ಈ ಮಾತು ಬರೆದದ್ದು ಅಂತ ಬಿಡಿಸಿ ಹೇಳಿದರು. ಒಬ್ಬ ಹಿರಿಯರು ಎದ್ದು, ಬೆತ್ತ ಹಿಡಿಯದವನು ಮಗನನ್ನು ಪ್ರೀತಿಸುವುದಿಲ್ಲ ಅಂತ ಬೈಬಲ್‌ನ ಜ್ಞಾನೋಕ್ತಿಯಲ್ಲಿ ಇದೆಯಲ್ಲ ಅಂದರು. ಚರ್ಚೆ ಜೋರಾಯಿತು. ಒಬ್ಬ ತಾಯಿ, ‘ನಾನು ಹೊಡೆತ ತಿಂದು ಬೆಳೆದವಳು. ಹೊಡೆದದ್ದು ನೆನಪಿದೆ, ಯಾಕೆ ಅಂತ ನೆನಪಿಲ್ಲ’ ಅಂದಾಗ ಎಲ್ಲರೂ ತಣ್ಣಗಾದರು. ಮೊಬೈಲ್ ಬಗ್ಗೆ, ಭಾನುವಾರದ ಟ್ಯೂಷನ್ ಬಗ್ಗೆ, ಪಿಯುಸಿಗೆ ಬಂದ ಮೇಲೆ ಚರ್ಚಿಗೆ ಬರಲ್ಲ ಅನ್ನುವ ಮಕ್ಕಳ ಬಗ್ಗೆ ಮಾತಾಯಿತು. ಯಾವುದಕ್ಕೂ ಪಕ್ಕಾ ಉತ್ತರ ಸಿಗಲಿಲ್ಲ. ಆದರೆ ನಮ್ಮ ಮನೆಯಲ್ಲಿ ಮಾತ್ರ ಹೀಗೆ ಅಲ್ಲ ಅಂತ ಗೊತ್ತಾಯಿತಲ್ಲ, ಅಷ್ಟಕ್ಕೇ ಎದೆ ಹಗುರಾಯಿತು.

ಹಾಡುಗಳನ್ನು ಹೇಳದಿದ್ದರೆ ಅಜ್ಜಿ ಬೈದಾರು. ವಿ.ಬಿ.ಎಸ್. ಹಾಡು ಅಂದರೆ ಕೈ ಕಾಲು ಕುಣಿಸುವ ಆ್ಯಕ್ಷನ್ ಸಾಂಗು. ಮನೆಯಲ್ಲಿ ಸೋಫಾ ಉಳಿಯಲಿಲ್ಲ. ಅಜ್ಜಿಗೆ ಗೊತ್ತಿರುವುದು ಬಾಸೆಲ್ ಮಿಶನ್ ಕಾಲದ ಸಂಗೀತಗಳು, ಜರ್ಮನ್ ರಾಗಕ್ಕೆ ಕೂಡಿಸಿದ ಕನ್ನಡ ಪದಗಳು, ನಿಧಾನದ್ದು. ಎರಡರ ನಡುವೆ ಮನೆಯಲ್ಲಿ ಯಾವಾಗಲೂ ಎಳೆದಾಟ. ಇವರು ಒಂದು ಒಳ್ಳೇ ಕೆಲಸ ಮಾಡಿದರು. ಒಂದು ಬೆಳಿಗ್ಗೆ ಅಜ್ಜ ಅಜ್ಜಿಯರನ್ನೆಲ್ಲ ಕರೆದು, ಒಬ್ಬೊಬ್ಬರ ಸುತ್ತ ಐದಾರು ಮಕ್ಕಳನ್ನು ಕೂರಿಸಿ, ಒಂದು ಹಳೇ ಸಂಗೀತ ಕಲಿಸಿಕೊಡಿ ಅಂದರು. ಅಜ್ಜಿ ಸಂಕೋಚದಿಂದ ಹೋದವರು ಮಧ್ಯಾಹ್ನ ಸ್ವರ ಬಿದ್ದು ಬಂದರು. ಈಗ ರಾತ್ರಿ ಪ್ರಾರ್ಥನೆಗೆ ಮಗ ಆ ಸಂಗೀತದ ಮೊದಲ ಸಾಲನ್ನು ತಾನೇ ಎತ್ತಿಕೊಡುತ್ತಾನೆ. ಶ್ರುತಿ ಎಲ್ಲಿಗೋ ಹೋಗುತ್ತದೆ, ಅಜ್ಜಿ ಅಲ್ಲಿಗೇ ಹೋಗಿ ಸೇರಿಕೊಳ್ಳುತ್ತಾರೆ.

ಕಳಿಸುವ ಮುಂಚೆ ನೀವು ಕೇಳಲೇಬೇಕಾದದ್ದು: ಪ್ರತಿ ಗುಂಪಿಗೂ ದೊಡ್ಡವರು ಇಬ್ಬರು ಇರುತ್ತಾರಾ? ಮಗುವನ್ನು ಯಾರ ಕೈಗೆ ಒಪ್ಪಿಸುತ್ತಾರೆ? ಇಲ್ಲಿ ಅಪ್ಪ ಅಮ್ಮ ಸಹಿ ಮಾಡಿದ ಕಾರ್ಡು ತೋರಿಸದೇ ಮಗುವನ್ನು ಗೇಟು ದಾಟಿಸುತ್ತಿರಲಿಲ್ಲ. ನನ್ನ ತಮ್ಮನನ್ನೇ ವಾಪಸು ಕಳಿಸಿದ್ದರು, ಸರಿಯಾಗಿಯೇ ಮಾಡಿದರು. ಮಕ್ಕಳ ಫೋಟೋ ವಾಟ್ಸಾಪ್‌ಗೆ ಹಾಕುವ ಮುಂಚೆಯೂ ಕೇಳಿದ್ದರು. ಶೌಚಾಲಯ ಚೊಕ್ಕ ಇತ್ತು, ಆದರೆ ದೂರ. ಸಣ್ಣ ಮಕ್ಕಳ ಜೊತೆ ಯಾರು ಹೋಗುತ್ತಾರೆ ಅಂತ ಕೇಳಿಟ್ಟುಕೊಳ್ಳಿ. ಗೇಟಿನ ಎದುರು ಇಳಿಜಾರು, ಬಿಡುವ ಹೊತ್ತಿಗೆ ಸ್ಕೂಟರು ನಿಲ್ಲಿಸಲೂ ಜಾಗ ಇರುವುದಿಲ್ಲ.

ಐದರಲ್ಲಿ ನಾಲ್ಕು ಕೊಡುತ್ತೇನೆ. ಆ ಚಾರ್ಟ್ ಮತ್ತು ಕಾಣಿಕೆಯ ಬೋರ್ಡಿಗೆ ಒಂದು ಕಡಿಮೆ. ಮುಂದಿನ ವರ್ಷ ಮಗನನ್ನು ಅಲ್ಲಿಗೇ ಕಳಿಸುತ್ತೇವೆ. ಮಗಳು ಸಣ್ಣ ಮಕ್ಕಳ ಗುಂಪಿನಲ್ಲಿ ಟೀಚರ್‌ಗೆ ಸಹಾಯ ಮಾಡಲು ಹೆಸರು ಕೊಡುತ್ತಾಳಂತೆ. ಕೊಡು, ಆದರೆ ಪಾಠದ ಪುಸ್ತಕವನ್ನು ಮೊದಲೇ ಮನೆಗೆ ತಾ, ಒಟ್ಟಿಗೆ ಕೂತು ಓದೋಣ ಅಂದಿದ್ದೇನೆ. ಹೆಸರು ಬರೆಸಿಕೊಳ್ಳುವುದು ಈಸ್ಟರ್‌ಗೆ ಮುಂಚೆಯೇ ಶುರುವಾಗುತ್ತದೆ. ಆರಾಧನೆ ಮುಗಿದ ಮೇಲೆ ಸಭೆಯ ಆಫೀಸಿನಲ್ಲಿ ಫಾರಂ ಸಿಗುತ್ತದೆ.